ಭಾರವನ್ನು ಅರಿಯುವ ಕೋಶಗಳು

ಗರಡಿಮನೆಯಲ್ಲಿ ವರ್ಷಗಟ್ಟಲೆ ಮಣ್ಣಾಡಿದ ಪೈಲವಾನರ ಕಿವಿಗಳನ್ನು ನೀವು ಗಮನಿಸಿರಬಹುದು. ನಮ್ಮ ಸಾಂಗಲಿ-ಮಿರಜ ಭಾಗವು ಕುಸ್ತಿಯ ನಾಡು. 1962ರಲ್ಲಿ ಜಕಾರ್ತದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಬಂಗಾರದ ಪದಕ ಗೆದ್ದ ಮಾರುತಿ ಮಾನೆಯವರು ಇಲ್ಲಿಯ ಕವಠೇಪಿರಾನ ಗ್ರಾಮದವರೆಂಬುದು ನಮಗೆಲ್ಲ ಹೆಮ್ಮೆಯ ಸಂಗತಿ. ಇಂಥ ನಾಡಿನ ಜಾತ್ರೆಗಳಲ್ಲಿ ಹಳೆಯ ಪೈಲವಾನರನ್ನು ಗುರುತಿಸುವುದು ಕಷ್ಟವಲ್ಲ. ಅವರಲ್ಲಿ ಹಲವರ ಕಿವಿಗಳು ಗಂಟು ಕಟ್ಟಿ, ಮುದುಡಿ, ದಪ್ಪಗಾಗಿರುತ್ತವೆ. ಹುಟ್ಟುವಾಗ ನಮ್ಮ ನಿಮ್ಮಂತೆಯೇ ಇದ್ದ ಕಿವಿ ಹೀಗೇಕಾಯಿತು?

ಇದೇ ಊರುಗಳಲ್ಲಿ ಇನ್ನೊಂದು ನೋಟವೂ ಸಾಮಾನ್ಯ. ಮನೆಯ ಅಜ್ಜಿ ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿದು ನಿಲ್ಲುತ್ತಾಳೆ. "ಮೊಣಕಾಲು ಸವೆದಿವೆ, ಇನ್ನು ನಡೆಯಬೇಡ, ಸುಮ್ಮನೆ ಕೂತಿರು" ಎಂದು ಮನೆಯವರು ಹೇಳುತ್ತಾರೆ. ಬಂಡಿಯ ಅಚ್ಚು ತಿರುಗಿದಷ್ಟೂ ಸವೆಯುವಂತೆ ಕೀಲು ಕೂಡ ನಡೆದಷ್ಟೂ ಸವೆಯುತ್ತದೆ ಎಂಬುದು ಜನರ ಎಣಿಕೆ.

ಪೈಲವಾನನ ಕಿವಿಯಲ್ಲಿಯೂ ಅಜ್ಜಿಯ ಮೊಣಕಾಲಿನಲ್ಲಿಯೂ ಇರುವ ವಸ್ತು ಒಂದೇ ಜಾತಿಯದು. ಅದರ ಹೆಸರು ಮೃದ್ವಸ್ಥಿ. ಅದು ಬಂಡಿಯ ಅಚ್ಚಿನಂತೆ ಜಡವಸ್ತುವಲ್ಲ. ಅದರೊಳಗೆ ಜೀವಕೋಶಗಳಿವೆ. ಆ ಕೋಶಗಳು ತಮ್ಮ ಮೇಲೆ ಬೀಳುವ ಭಾರವನ್ನು ಅರಿಯುತ್ತವೆ. ಅರಿತು, ಅದಕ್ಕೆ ತಕ್ಕಂತೆ ಕಟ್ಟುವ ಕೆಲಸವನ್ನೋ ಕೆಡವುವ ಕೆಲಸವನ್ನೋ ಮಾಡುತ್ತವೆ. ಇದು ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದುಕೊಂಡರೆ ಆಟದ ಮೈದಾನದಲ್ಲಿ ನಿಮಗೂ, ಮನೆಯಲ್ಲಿ ಹಿರಿಯರಿಗೂ ಪ್ರಯೋಜನವಿದೆ.

ಮೃದ್ವಸ್ಥಿ ಎಂದರೇನು?

ನಿಮ್ಮ ಕಿವಿಯ ಮೇಲ್ಭಾಗವನ್ನು ಬೆರಳಿನಿಂದ ಮಡಿಚಿ ಬಿಡಿರಿ. ಅದು ಕೂಡಲೇ ಮೊದಲಿನಂತೆ ಎದ್ದು ನಿಲ್ಲುತ್ತದೆ. ಮೂಗಿನ ತುದಿಯನ್ನು ಒತ್ತಿ ನೋಡಿರಿ. ಎಲುಬಿನಷ್ಟು ಗಟ್ಟಿಯಲ್ಲ, ಮಾಂಸದಷ್ಟು ಮೆತ್ತಗಲ್ಲ. ಇದೇ ಮೃದ್ವಸ್ಥಿ.

ನಮ್ಮ ದೇಹದಲ್ಲಿ ಇದು ಮೂರು ಬಗೆಯಾಗಿ ಇದೆ. ಕಿವಿಯಲ್ಲಿರುವುದು ಬಾಗಿ ಮತ್ತೆ ನೆಟ್ಟಗಾಗುವ ಬಗೆಯದು. ಬೆನ್ನೆಲುಬಿನ ಮಣಿಗಳ ನಡುವಿನ ಬಿಲ್ಲೆಗಳಲ್ಲಿರುವುದು ನಾರು ಹೆಚ್ಚಾಗಿರುವ ಬಗೆಯದು. ಮೂರನೆಯದು ಕೀಲುಗಳಲ್ಲಿ ಎಲುಬಿನ ತುದಿಗಳನ್ನು ಹೊದಿಸಿರುವ, ಗಾಜಿನಂತೆ ನುಣುಪಾದ, ನೀಲಿ ಛಾಯೆಯ ಬಿಳಿ ಪದರು. ಮೊಣಕಾಲಿನಲ್ಲಿ ಇದರ ದಪ್ಪ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರು ಮಾತ್ರ. ಇಷ್ಟು ತೆಳುವಾದ ಪದರು ಜೀವಮಾನವಿಡೀ ನಮ್ಮ ಭಾರವನ್ನು ಹೊರುತ್ತದೆ. ಕೀಲಿನಲ್ಲಿರುವ ಅಂಟಾದ ದ್ರವವೂ ಇದೂ ಸೇರಿ ಎಷ್ಟು ನುಣುಪಾಗಿ ಜಾರುತ್ತವೆಂದರೆ, ಮಂಜುಗಡ್ಡೆಯ ಮೇಲೆ ಮಂಜುಗಡ್ಡೆ ಜಾರುವಾಗಲೂ ಘರ್ಷಣೆ ಇದಕ್ಕಿಂತ ಹೆಚ್ಚು.

ಮೃದ್ವಸ್ಥಿಯ ಒಂದು ವಿಶೇಷವನ್ನು ನೆನಪಿನಲ್ಲಿಡಬೇಕು. ಕೀಲಿನ ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಹಾಗಾದರೆ ಅದಕ್ಕೆ ಆಹಾರ ಎಲ್ಲಿಂದ? ಕಿವಿಯ ಮೃದ್ವಸ್ಥಿಗೆ ಅದರ ಮೇಲೆ ಅಂಟಿಕೊಂಡಿರುವ ತೆಳುಪೊರೆಯಿಂದ ಆಹಾರ ಇಳಿಯುತ್ತದೆ. ಕುಸ್ತಿಯಲ್ಲಿ ಕಿವಿ ಪದೇ ಪದೇ ಉಜ್ಜಿ, ಪೆಟ್ಟು ತಿಂದಾಗ ಈ ಪೊರೆ ಮೃದ್ವಸ್ಥಿಯಿಂದ ಬಿಡಿಸಿಕೊಂಡು ನಡುವೆ ರಕ್ತ ತುಂಬುತ್ತದೆ. ಕೆಳಗಿನ ಮೃದ್ವಸ್ಥಿ ಆಹಾರವಿಲ್ಲದೆ ಸೊರಗುತ್ತದೆ. ಪೊರೆಯೊಳಗಿನ ಕೋಶಗಳು ತರಾತುರಿಯಲ್ಲಿ ಹೊಸ ನಾರನ್ನೂ ಮೃದ್ವಸ್ಥಿಯನ್ನೂ ಅಡ್ಡಾದಿಡ್ಡಿಯಾಗಿ ಕಟ್ಟುತ್ತವೆ. ಪೈಲವಾನನ ಕಿವಿ ಗಂಟಾಗುವುದು ಹೀಗೆ. ಆರಂಭದಲ್ಲಿಯೇ ವೈದ್ಯರು ಆ ರಕ್ತವನ್ನು ತೆಗೆದು ಪಟ್ಟಿ ಕಟ್ಟಿದರೆ ಕಿವಿಯ ಆಕಾರ ಉಳಿಯುತ್ತದೆ.

ಕೀಲಿನ ಮೃದ್ವಸ್ಥಿಯ ಮೇಲೆ ಅಂಥ ಪೊರೆಯೂ ಇಲ್ಲ. ಅದು ಮುಖ್ಯವಾಗಿ ಕೀಲುದ್ರವದಿಂದಲೇ ಆಹಾರ ಪಡೆಯಬೇಕು. ಆ ದ್ರವ ಒಳಕ್ಕೆ ಹೋಗಿ ಬರಲು ಕೀಲು ಅಲುಗಾಡುತ್ತಿರಬೇಕು. ನಾವು ಹೇಳಹೊರಟ ಸಂಗತಿಯ ಬೇರು ಇಲ್ಲಿಯೇ ಇದೆ.

ನೀರು ಹೊರುವ ಭಾರ

ಮೃದ್ವಸ್ಥಿಯ ತೂಕದಲ್ಲಿ ನೂರಕ್ಕೆ 65ರಿಂದ 80ರಷ್ಟು ನೀರು. ನೀರಿನಿಂದ ತುಂಬಿದ ವಸ್ತು ಭಾರವನ್ನು ಹೇಗೆ ಹೊರುತ್ತದೆ?

ತಾಸಗಾಂವ ಕಡೆಯ ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಹಾಕಿದರೆ ಅದು ಊದಿಕೊಳ್ಳುವುದನ್ನು ನೀವು ಬಲ್ಲಿರಿ. ಇದನ್ನು ಅಭಿಸರಣ ಎಂದು ಪಾಠದಲ್ಲಿ ಓದಿದ್ದೀರಿ. ಮೃದ್ವಸ್ಥಿಯೊಳಗೂ ನೀರನ್ನು ಹೀಗೆ ಎಳೆದುಕೊಳ್ಳುವ ವಸ್ತುವಿದೆ. ಅದರ ಹೆಸರು ಅಗ್ರಿಕನ್. ಅದರ ಅಣು ಬಾಟಲಿ ತೊಳೆಯುವ ಕುಂಚದ ಆಕಾರದಲ್ಲಿರುತ್ತದೆ. ಕುಂಚದ ಕೂದಲುಗಳ ಮೇಲೆಲ್ಲ ಋಣವಿದ್ಯುದಂಶ. ಅವು ಒಂದನ್ನೊಂದು ದೂರ ತಳ್ಳುತ್ತವೆ. ಸೋಡಿಯಂ ಅಯಾನುಗಳನ್ನು ತಮ್ಮತ್ತ ಎಳೆಯುತ್ತವೆ. ಸೋಡಿಯಂ ಬಂದಲ್ಲಿಗೆ ನೀರೂ ಬರುತ್ತದೆ. ಹೀಗೆ ಮೃದ್ವಸ್ಥಿ ಊದಿಕೊಳ್ಳಲು ಸದಾ ಹವಣಿಸುತ್ತಿರುತ್ತದೆ. ಅದನ್ನು ಊದಗೊಡದಂತೆ ಬಿಗಿಹಿಡಿಯುವುದು ಕೊಲಾಜನ್ ಎಂಬ ಪ್ರೋಟೀನಿನ ನಾರುಗಳ ಬಲೆ. ಒಳಗಿನಿಂದ ಊದುವ ಬಲ, ಹೊರಗಿನಿಂದ ಬಿಗಿಯುವ ಬಲೆ, ಇವೆರಡೂ ಸರಿದೂಗಿದಾಗ ಅರಳೆಯನ್ನು ಒತ್ತಿ ತುಂಬಿದ ಗಾದಿಯಂತೆ ಮೃದ್ವಸ್ಥಿ ಬಿಗಿಯಾಗಿ ನಿಲ್ಲುತ್ತದೆ.

ಭಾರ ಬಿದ್ದಾಗ ನೀರು ಹೊರಕ್ಕೆ ಹೋಗಲು ನೋಡುತ್ತದೆ. ಆದರೆ ದಾರಿ ಬಹಳ ಇಕ್ಕಟ್ಟು. ಆದ್ದರಿಂದ ಸಿಕ್ಕಿಬಿದ್ದ ನೀರೇ ಆ ಕ್ಷಣದ ಭಾರದ ಬಹುಪಾಲನ್ನು ಹೊರುತ್ತದೆ. ಭಾರ ಬಹಳ ಹೊತ್ತು ನಿಂತರೆ ನೀರು ನಿಧಾನವಾಗಿ ಜಿನುಗಿ ಪದರು ತೆಳುವಾಗುತ್ತದೆ. ಭಾರ ತೆಗೆದೊಡನೆ ನೀರು ಮರಳುತ್ತದೆ, ಜೊತೆಗೆ ಆಹಾರವನ್ನೂ ತರುತ್ತದೆ. ಒಂದೇ ಸಮನೆ ಹಲವಾರು ಬೈಠಕ್ ಹೊಡೆದವರ ಮೊಣಕಾಲನ್ನು ಎಂ.ಆರ್.ಐ. ಯಂತ್ರದಲ್ಲಿ ನೋಡಿದಾಗ ಮೊಣಕಾಲ ಚಿಪ್ಪಿನ ಮೃದ್ವಸ್ಥಿಯ ಗಾತ್ರ ನೂರಕ್ಕೆ ಸುಮಾರು 5-6ರಷ್ಟು ಕಡಿಮೆಯಾಗಿತ್ತು. ಅದು ಮೊದಲಿನಂತಾಗಲು ಒಂದೂವರೆ ಗಂಟೆಗೂ ಹೆಚ್ಚು ಕಾಲ ಬೇಕಾಯಿತು. ವ್ಯಾಯಾಮದ ನಡುವೆ ವಿಶ್ರಾಂತಿ ಏಕೆ ಬೇಕೆಂಬುದಕ್ಕೆ ಇದೂ ಒಂದು ಕಾರಣ.

ಮೊಣಕಾಲಿನ ಮೇಲೆ ಬೀಳುವ ಭಾರವೆಷ್ಟು? ಬರ್ಲಿನ್ನಿನ ಸಂಶೋಧಕರು ಕೃತಕ ಮೊಣಕಾಲುಗಳೊಳಗೆ ಭಾರವನ್ನು ಅಳೆಯುವ ಸಾಧನವನ್ನಿಟ್ಟು 2010ರಲ್ಲಿ ಲೆಕ್ಕವನ್ನು ಪ್ರಕಟಿಸಿದರು. ಸಮನೆಲದ ಮೇಲೆ ನಡೆಯುವಾಗ ದೇಹದ ತೂಕದ ಸುಮಾರು 2.6 ಪಟ್ಟು, ಮೆಟ್ಟಿಲು ಇಳಿಯುವಾಗ ಸುಮಾರು 3.5 ಪಟ್ಟು ಭಾರ ಮೊಣಕಾಲಿನ ಮೇಲೆ ಬೀಳುತ್ತದೆ. ತೂಕ ಮಾತ್ರವಲ್ಲದೆ ಸ್ನಾಯುಗಳ ಎಳೆತವೂ ಸೇರುವುದರಿಂದ ಹೀಗಾಗುತ್ತದೆ. 40 ಕಿಲೋ ತೂಕದ ವಿದ್ಯಾರ್ಥಿ ಶಾಲೆಗೆ ನಡೆದು ಬರುವಾಗ ಪ್ರತಿ ಹೆಜ್ಜೆಗೂ ಅವನ ಮೊಣಕಾಲು 100 ಕಿಲೋ ಮೀರಿದ ಭಾರವನ್ನು ಹೊತ್ತು ಇಳಿಸುತ್ತದೆ. ದಿನಕ್ಕೆ 5000 ಹೆಜ್ಜೆ ನಡೆದರೆ ಒಂದೊಂದು ಮೊಣಕಾಲಿಗೆ 2500 ಬಾರಿ!

ದೊಡ್ಡ ಹೊಲ, ಒಬ್ಬನೇ ಕಾವಲುಗಾರ

ಇಷ್ಟೆಲ್ಲ ಭಾರ ಹೊರುವ ಈ ಪದರಿನಲ್ಲಿ ಜೀವಕೋಶಗಳು ಎಷ್ಟಿವೆ? ದೊಡ್ಡವರ ಕೀಲಿನ ಮೃದ್ವಸ್ಥಿಯ ಗಾತ್ರದಲ್ಲಿ ನೂರಕ್ಕೆ ಸುಮಾರು 2ರಷ್ಟು ಮಾತ್ರ. ಒಂದೊಂದು ಕೋಶದ ಅಗಲ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು. ಜತ್ತ ತಾಲೂಕಿನ ಬಯಲಿನಲ್ಲಿ ದೂರದೂರಕ್ಕೆ ಒಂದೊಂದು ತೋಟದ ಮನೆ ಕಾಣುವಂತೆ, ಈ ಕೋಶಗಳು ಒಂದರಿಂದ ಒಂದು ದೂರದಲ್ಲಿ ತಮ್ಮ ತಮ್ಮ ಗೂಡುಗಳಲ್ಲಿ ಕುಳಿತಿರುತ್ತವೆ. ನೆರೆಯ ಕೋಶದ ಸ್ಪರ್ಶವಿಲ್ಲ. ರಕ್ತವಿಲ್ಲದ್ದರಿಂದ ಆಮ್ಲಜನಕವೂ ಅಲ್ಪ. ಮೆದುಳಿನಿಂದ ಆಜ್ಞೆ ತರುವ ನರವಿಲ್ಲ.

ಆದರೂ ತನ್ನ ಸುತ್ತಲಿನ ಹೊಲವನ್ನೆಲ್ಲ ಕಾಯುವುದು ಈ ಒಂಟಿ ಕೋಶದ ಕೆಲಸ. ಹಳೆಯದಾದ ಅಗ್ರಿಕನ್ನನ್ನು ಕತ್ತರಿಸಿ ತೆಗೆಯಬೇಕು, ಹೊಸದನ್ನು ತಯಾರಿಸಿ ಹೊರಗೆ ಕಳಿಸಬೇಕು. ಕೊಲಾಜನ್ ಬಲೆಯಾದರೋ ಬೆಳೆದ ಮನುಷ್ಯನಲ್ಲಿ ಹೆಚ್ಚು ಕಡಿಮೆ ಜೀವಮಾನವಿಡೀ ಹಳೆಯದೇ ಉಳಿಯುತ್ತದೆ. ಅದು ಹರಿದರೆ ಮತ್ತೆ ಸರಿಯಾಗಿ ನೇಯಲು ಬಾರದು. ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಹುಣ್ಣಾದ ಮೃದ್ವಸ್ಥಿ ಮತ್ತೆ ಕೂಡಿಕೊಳ್ಳುವುದಿಲ್ಲವೆಂದು 1743ರಲ್ಲಿಯೇ ಬರೆದಿಟ್ಟಿದ್ದನು. ಇಂದಿಗೂ ವೈದ್ಯರ ಮುಂದಿರುವ ಕಠಿಣ ಸವಾಲು ಇದೇ.

ಎಷ್ಟು ಕೆಲಸ ಮಾಡಬೇಕೆಂಬುದನ್ನು ಈ ಕೋಶ ಹೇಗೆ ನಿರ್ಧರಿಸುತ್ತದೆ? ಹೊಲದ ಮೇಲೆ ಬೀಳುವ ಭಾರವನ್ನು ತಾನೇ ಅರಿತು!

ಕೋಶವು ಭಾರವನ್ನು ಅರಿಯುವ ಬಗೆ

ಕಣ್ಣು, ಕಿವಿ ಇಲ್ಲದ ಕೋಶಕ್ಕೆ ಭಾರ ತಿಳಿಯುವ ದಾರಿಗಳು ಒಂದೆರಡಲ್ಲ. ಮುಖ್ಯವಾದ ನಾಲ್ಕನ್ನು ನೋಡೋಣ.

1. ಕೋಶದ ಕವಚ: ಪ್ರತಿಯೊಂದು ಕೋಶದ ಸುತ್ತ ತೆಳುವಾದ, ನವಿರಾದ ಕವಚವಿದೆ. ಭಾರ ಬಿದ್ದಾಗ ಕವಚವೂ ಕೋಶವೂ ಸ್ವಲ್ಪ ಚಪ್ಪಟೆಯಾಗುತ್ತವೆ. ಇಂಟೆಗ್ರಿನ್ ಎಂಬ ಪ್ರೋಟೀನುಗಳು ಕೋಶದ ಒಳಗನ್ನೂ ಹೊರಗನ್ನೂ ಕೊಂಡಿಯಂತೆ ಜೋಡಿಸಿರುವುದರಿಂದ ಹೊರಗಿನ ಎಳೆತ ಒಳಗಿನ ಕೋಶಕೇಂದ್ರದವರೆಗೂ ಮುಟ್ಟುತ್ತದೆ. ಕವಚದಲ್ಲಿ ಮೊದಲೇ ಕೂಡಿಟ್ಟ ಕೆಲವು ಸಂದೇಶವಾಹಕ ಪ್ರೋಟೀನುಗಳೂ ಒತ್ತಡ ಬಿದ್ದಾಗ ಬಿಡುಗಡೆಯಾಗುತ್ತವೆ.

2. ಒಂಟಿ ಕೂದಲು: ಈ ಕೋಶಗಳ ಮೇಲೆ ಸಾಮಾನ್ಯವಾಗಿ ಒಂದೊಂದು ಸೂಕ್ಷ್ಮ ಕೂದಲಿನಂಥ ಅಂಗವಿದೆ. ಅದು ಈಜಲು ಇರುವ ಅಂಗವಲ್ಲ. ಹೊರಗಿನ ನಾರುಗಳಿಗೆ ತಗುಲಿಕೊಂಡು, ಒತ್ತಡ ಬಂದಾಗ ಬಾಗಿ, ಸುದ್ದಿ ಮುಟ್ಟಿಸುವ ಅಂಗ.

3. ನೀರು-ಉಪ್ಪಿನ ಅಳತೆ: ಭಾರ ಬಿದ್ದು ನೀರು ಜಿನುಗಿದಾಗ ಕೋಶದ ಸುತ್ತಲಿನ ಉಪ್ಪಿನ ಸಾಂದ್ರತೆ ಬದಲಾಗುತ್ತದೆ. ಇದನ್ನು ಅರಿಯುವ ಒಂದು ಬಾಗಿಲು ಕೋಶಪೊರೆಯಲ್ಲಿದೆ. ವಿಜ್ಞಾನಿಗಳು ಅದನ್ನು ಟಿ.ಆರ್.ಪಿ.ವಿ.-4 ಎಂದು ಕರೆಯುತ್ತಾರೆ. ಮೆಣಸಿನಕಾಯಿಯ ಖಾರವನ್ನು ಅರಿಯುವ ಬಾಗಿಲು ಟಿ.ಆರ್.ಪಿ.ವಿ.-1. ಇವೆರಡೂ ಒಂದೇ ಮನೆತನದ ಅಣ್ಣತಮ್ಮಂದಿರು.

4. ಒತ್ತಿದರೆ ತೆರೆಯುವ ಬಾಗಿಲು: ಪೊರೆ ಬಲವಾಗಿ ಹಿಗ್ಗಿದಾಗ ತೆರೆಯುವ ಬಾಗಿಲುಗಳಿಗೆ ಪೀಜೋ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಒತ್ತುವುದು ಎಂಬರ್ಥದ ಪದದಿಂದ ಈ ಹೆಸರು ಬಂದಿತು.

ಪೀಜೋ ಪತ್ತೆಯಾದ ಕತೆ ಕೇಳುವಂತಿದೆ. ಲೆಬನಾನ್ ದೇಶದ ಬೈರೂತಿನಲ್ಲಿ ಹುಟ್ಟಿ ಅಮೇರಿಕೆಗೆ ಹೋದ ಆರ್ಡೆಮ್ ಪಟಪೂಟಿಯನ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಒಂದು ಬಗೆಯ ಕೋಶಗಳನ್ನು ಅತಿ ಸಣ್ಣ ಗಾಜಿನ ನಳಿಕೆಯಿಂದ ಮೆಲ್ಲಗೆ ಚುಚ್ಚಿದರು. ಚುಚ್ಚಿದಾಗ ಕೋಶದಲ್ಲಿ ವಿದ್ಯುತ್ ಹರಿಯುತ್ತಿತ್ತು. ಇದಕ್ಕೆ ಕಾರಣವಾದ ವಂಶವಾಹಿ ಯಾವುದೆಂದು ತಿಳಿಯಲು 72 ವಂಶವಾಹಿಗಳ ಪಟ್ಟಿ ಮಾಡಿ, ಒಂದೊಂದನ್ನೇ ನಿಷ್ಕ್ರಿಯಗೊಳಿಸುತ್ತ ಬಂದರು. ಪಟ್ಟಿಯ ಕೊನೆಯವರೆಗೆ ತಾಳ್ಮೆಗೆಡದೆ ಹೋದ ಮೇಲೆ ಉತ್ತರ ದೊರೆಯಿತು: ಆ ಒಂದು ವಂಶವಾಹಿಯನ್ನು ತಡೆದಾಗ ಕೋಶವು ಚುಚ್ಚುವುದನ್ನು ಅರಿಯದಾಯಿತು. ಈ ಸಂಶೋಧನೆ 2010ರಲ್ಲಿ ಪ್ರಕಟವಾಯಿತು. ಖಾರದ ಬಾಗಿಲನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರೊಂದಿಗೆ ಪಟಪೂಟಿಯನ್ ಅವರಿಗೆ 2021ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಹಂಚಿಕೆಯಾಯಿತು. ಮೃದ್ವಸ್ಥಿ ಕೋಶಗಳಲ್ಲಿಯೂ ಪೀಜೋ ಬಾಗಿಲುಗಳಿವೆ ಎಂಬುದನ್ನು ಅಮೇರಿಕದ ಸಂಶೋಧಕರು 2014ರಲ್ಲಿ ತೋರಿಸಿದರು.

ಬಾಗಿಲು ತೆರೆದರೆ ಏನಾಗುತ್ತದೆ? ಕೋಶದ ಹೊರಗೆ ಕ್ಯಾಲ್ಸಿಯಂ ಅಯಾನುಗಳು ಬಹಳ. ಒಳಗೆ ಅದರ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ಕಾಲುವೆಯ ತೂಬು ಎತ್ತಿದಾಗ ನೀರು ನುಗ್ಗುವಂತೆ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅದೇ ಸುದ್ದಿ. ಆ ಸುದ್ದಿ ಕೈಯಿಂದ ಕೈಗೆ ಹೋಗಿ ಕೋಶಕೇಂದ್ರವನ್ನು ಮುಟ್ಟುತ್ತದೆ. ಅಲ್ಲಿ ಕೆಲವು ವಂಶವಾಹಿಗಳು ಎಚ್ಚರಗೊಳ್ಳುತ್ತವೆ, ಕೆಲವು ಮಲಗುತ್ತವೆ. ಹೊಸ ಅಗ್ರಿಕನ್, ಹೊಸ ಪ್ರೋಟೀನು ತಯಾರಾಗಿ ಹೊರಬರುತ್ತವೆ. ಹೆಜ್ಜೆ ಇಟ್ಟಾಗ ಬಿದ್ದ ಭಾರವು ಹೀಗೆ ಕೆಲಸದ ಆಜ್ಞೆಯಾಗಿ ಪರಿಣಮಿಸುತ್ತದೆ.

ಹದವಾದ ಭಾರ, ಅತಿಯಾದ ಭಾರ, ಇಲ್ಲದ ಭಾರ

ಮಿರಜದಲ್ಲಿ ತಲೆತಲಾಂತರದಿಂದ ಸಿತಾರ, ತಂಬೂರಿಗಳನ್ನು ಮಾಡುವ ಕುಶಲಿಗರಿದ್ದಾರೆ. ತಂತಿ ಸಡಿಲವಾದರೆ ನಾದವಿಲ್ಲ, ಅತಿಯಾಗಿ ಬಿಗಿದರೆ ತಂತಿ ಹರಿಯುತ್ತದೆ ಎಂಬುದು ಅವರ ಮನೆಯ ಚಿಕ್ಕ ಮಕ್ಕಳಿಗೂ ಗೊತ್ತು. ಮೃದ್ವಸ್ಥಿಯ ನಿಯಮವೂ ಇದಕ್ಕೆ ಹತ್ತಿರದ್ದು.

ಹದವಾದ ಭಾರ: ಕರುಗಳ ಕೀಲಿನಿಂದ ತೆಗೆದ ಮೃದ್ವಸ್ಥಿಯ ಚೂರುಗಳನ್ನು ಪ್ರಯೋಗಶಾಲೆಯಲ್ಲಿ ಜೀವಂತವಾಗಿಟ್ಟು ಒತ್ತಿ ನೋಡಿದ್ದಾರೆ. ಒಂದೇ ಸಮನೆ ಒತ್ತಿ ಹಿಡಿದರೆ ಕೋಶಗಳು ಹೊಸ ವಸ್ತುವನ್ನು ತಯಾರಿಸುವುದನ್ನು ಕಡಿಮೆ ಮಾಡುತ್ತವೆ. ಅದೇ ಚೂರನ್ನು ಸೆಕೆಂಡಿಗೆ ಸುಮಾರು ಒಂದು ಬಾರಿಯಂತೆ ಒತ್ತಿ, ಬಿಟ್ಟು, ಒತ್ತಿ, ಬಿಟ್ಟು ಮಾಡಿದರೆ ತಯಾರಿಕೆ ಹೆಚ್ಚುತ್ತದೆ. ಸೆಕೆಂಡಿಗೆ ಒಂದು ಬಾರಿ ಎಂದರೆ ಏನು? ಅದು ನಮ್ಮ ನಡಿಗೆಯಲ್ಲಿ ಒಂದೊಂದು ಕಾಲಿಗೂ ಬೀಳುವ ಲಯ! ನಡಿಗೆ ಮೃದ್ವಸ್ಥಿಗೆ ಸವೆತವಲ್ಲ, ಊಟ.

ಅತಿಯಾದ ಭಾರ: ಒಮ್ಮೆಲೇ ಬೀಳುವ ಬಲವಾದ ಪೆಟ್ಟು, ಕೀಲು ತಿರುಚಿದಾಗಿನ ಎಳೆತ, ದೇಹ ತಾಳಲಾರದ ಹೊರೆ, ಇವುಗಳಿಂದ ಪೀಜೋ ಬಾಗಿಲುಗಳು ತೆರೆದು ಕ್ಯಾಲ್ಸಿಯಂ ಮಿತಿಮೀರಿ ನುಗ್ಗುತ್ತದೆ. ಆಗ ಕೋಶಗಳು ಸಾಯುತ್ತವೆ, ಇಲ್ಲವೆ ತಮ್ಮ ಸುತ್ತಲಿನ ಹೊಲವನ್ನೇ ಕತ್ತರಿಸುವ ಕಿಣ್ವಗಳನ್ನು ಹೊರಬಿಡುತ್ತವೆ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಇಲ್ಲಿಗೆ ಒಪ್ಪುತ್ತದೆ. ಒಂದು ಜಾತಿಯ ಜೇಡದ ವಿಷದಲ್ಲಿರುವ ಅಂಶದಿಂದ ಪೀಜೋ ಬಾಗಿಲನ್ನು ಮುಚ್ಚಿದಾಗ ಪೆಟ್ಟು ತಿಂದ ಮೃದ್ವಸ್ಥಿಯಲ್ಲಿ ಸಾಯುವ ಕೋಶಗಳ ಸಂಖ್ಯೆ ಕಡಿಮೆಯಾದುದನ್ನು ಪ್ರಯೋಗಶಾಲೆಯಲ್ಲಿ ಕಂಡಿದ್ದಾರೆ. ಇದು ಪ್ರಯೋಗದ ಮಾತು, ಇನ್ನೂ ಔಷಧಿಯಾಗಿಲ್ಲ.

ಇಲ್ಲದ ಭಾರ: ಕಾಲನ್ನು ಬಹಳ ದಿನ ಪ್ಲಾಸ್ಟರಿನಲ್ಲಿ ಕಟ್ಟಿಟ್ಟ ಪ್ರಾಣಿಗಳಲ್ಲಿ ಮೃದ್ವಸ್ಥಿ ತೆಳುವಾಗಿ ಮೆತ್ತಗಾಗುತ್ತದೆ. ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಚಲನೆ ನಿಂತ ಮನುಷ್ಯರಲ್ಲಿಯೂ ಮೊಣಕಾಲಿನ ಮೃದ್ವಸ್ಥಿ ತೆಳುವಾಗುವುದನ್ನು ಅಳೆದು ನೋಡಿದ್ದಾರೆ. ಭಾರವಿಲ್ಲದೆ ಸುದ್ದಿಯಿಲ್ಲ, ಸುದ್ದಿಯಿಲ್ಲದೆ ಕೆಲಸವಿಲ್ಲ.

ಈ ಮೂರೂ ಮಾತುಗಳಿಗೆ ಹೊಂದುವ ಒಂದು ಲೆಕ್ಕವಿದೆ. ಓಟಗಾರರ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಲೇಖನದಂತೆ, ಮೊಣಕಾಲು ಅಥವಾ ಸೊಂಟದ ಕೀಲಿನ ಸಂಧಿವಾತವು ಹವ್ಯಾಸಕ್ಕಾಗಿ ಓಡುವವರಲ್ಲಿ ನೂರಕ್ಕೆ 3.5 ಜನರಲ್ಲಿ, ಓಡದೆ ಕುಳಿತಿರುವವರಲ್ಲಿ 10.2 ಜನರಲ್ಲಿ, ಸ್ಪರ್ಧೆಗಾಗಿ ಅತಿ ಕಠಿಣವಾಗಿ ಓಡುವವರಲ್ಲಿ 13.3 ಜನರಲ್ಲಿ ಕಂಡುಬಂದಿತು. ಕುಳಿತವರಲ್ಲಿ ಕೆಲವರು ನೋವಿನ ಕಾರಣದಿಂದಲೇ ಕುಳಿತಿರಬಹುದು, ಆ ಎಚ್ಚರ ಇರಲಿ. ಆದರೂ ಕೀಲು ಬಂಡಿಯ ಅಚ್ಚೇ ಆಗಿದ್ದರೆ ಓಡಿದವರಿಗಿಂತ ಕುಳಿತವರ ಕೀಲು ಚೆನ್ನಾಗಿರಬೇಕಿತ್ತಲ್ಲವೆ?

ಹುಟ್ಟುವ ಮೊದಲು, ಬೆಳೆಯುವಾಗ

ಭಾರದ ಪಾಠ ತಾಯಿಯ ಗರ್ಭದಲ್ಲಿಯೇ ಆರಂಭವಾಗುತ್ತದೆ. ಮೊಟ್ಟೆಯೊಳಗಿನ ಕೋಳಿಮರಿಯ ಸ್ನಾಯುಗಳು ಅಲುಗದಂತೆ ಔಷಧಿ ಕೊಟ್ಟ ಪ್ರಯೋಗವೊಂದು 1966ರಲ್ಲಿ ಪ್ರಕಟವಾಯಿತು. ಆ ಮರಿಗಳಲ್ಲಿ ಕೀಲುಗಳ ಸಂದು ಸರಿಯಾಗಿ ಮೂಡಲಿಲ್ಲ. ಗರ್ಭದಲ್ಲಿ ಕೂಸು ಒದೆಯುವುದೆಂದರೆ ತನ್ನ ಕೀಲುಗಳನ್ನು ತಾನೇ ಕೆತ್ತಿಕೊಳ್ಳುವುದೂ ಹೌದು.

ನಿಮ್ಮ ವಯಸ್ಸಿನಲ್ಲಿ ಉದ್ದನೆಯ ಎಲುಬುಗಳ ತುದಿಯ ಬಳಿ ಬೆಳವಣಿಗೆಯ ಮೃದ್ವಸ್ಥಿಯ ಬಿಲ್ಲೆಗಳಿವೆ. ನೀವು ಎತ್ತರವಾಗುತ್ತಿರುವುದು ಇವುಗಳಿಂದ. ಈ ಬಿಲ್ಲೆಯ ಒಂದು ಪಕ್ಕಕ್ಕೆ ನಿರಂತರ ಒತ್ತಡ ಹೆಚ್ಚಾದರೆ ಆ ಪಕ್ಕದ ಬೆಳವಣಿಗೆ ನಿಧಾನವಾಗುತ್ತದೆ. ಜರ್ಮನಿಯ ಹ್ಯೂಟರ್ ಮತ್ತು ಫೋಕ್ಮನ್ ಎಂಬ ವೈದ್ಯರು 1862ರಲ್ಲಿ ಇದನ್ನು ಗುರುತಿಸಿದರು. ಮಕ್ಕಳ ಸೊಟ್ಟಕಾಲನ್ನು ತಿದ್ದಲು ವೈದ್ಯರು ಇಂದು ಇದೇ ನಿಯಮವನ್ನು ಬಳಸುತ್ತಾರೆ. ಬಿಲ್ಲೆಯ ಒಂದು ಪಕ್ಕಕ್ಕೆ ಚಿಕ್ಕ ಲೋಹದ ಪಟ್ಟಿಯನ್ನು ತಾತ್ಕಾಲಿಕವಾಗಿ ಜೋಡಿಸಿದರೆ ಇನ್ನೊಂದು ಪಕ್ಕ ಬೆಳೆದು ಕಾಲು ತಾನಾಗಿಯೇ ನೆಟ್ಟಗಾಗುತ್ತದೆ. ಬೆಳವಣಿಗೆ ಮುಗಿದ ಮೇಲೆ ಈ ಉಪಾಯ ನಡೆಯದು. ಪಾಲಕರು ಇದನ್ನು ಗಮನಿಸಬೇಕು. ಎರಡು ವರ್ಷದೊಳಗಿನ ಕೂಸಿನ ಕಾಲು ಬಿಲ್ಲಿನಂತೆ ಬಾಗಿರುವುದು, ಮೂರು ನಾಲ್ಕು ವರ್ಷಕ್ಕೆ ಮೊಣಕಾಲುಗಳು ಒಳಕ್ಕೆ ತಾಗುವುದು ಸಹಜ. ಏಳೆಂಟು ವರ್ಷವಾದರೂ ನೆಟ್ಟಗಾಗದಿದ್ದರೆ, ಅಥವಾ ಒಂದೇ ಕಾಲು ಬಾಗಿದ್ದರೆ ತಡಮಾಡದೆ ತೋರಿಸಬೇಕು.

ಮಿರಜದ ಕೊಡುಗೆ

ಕೆನಡಾದಲ್ಲಿ ಹುಟ್ಟಿದ ಡಾ. ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಮಿರಜದಲ್ಲಿ ಮಿಶನ್ ಆಸ್ಪತ್ರೆಯನ್ನು ತೆರೆದಂದಿನಿಂದ ಈ ಊರು ವೈದ್ಯಕೀಯಕ್ಕೆ ಹೆಸರಾಗಿದೆ. ಬೆಳಗಾವಿ, ವಿಜಯಪುರ ಕಡೆಯ ಕನ್ನಡ ಜನರೂ ತಲೆಮಾರುಗಳಿಂದ ಇಲ್ಲಿಗೆ ಬರುತ್ತಿದ್ದಾರೆ. 1962ರಲ್ಲಿ ಇಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಸ್ಥಾಪನೆಯಾಯಿತು. ಜೀವಕೋಶಗಳು ಬಲವನ್ನು ಅರಿಯುತ್ತವೆ ಎಂಬ ತತ್ತ್ವವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಚಿಕಿತ್ಸೆಯೊಂದು ಇದೇ ಊರಿನಲ್ಲಿ ಬೆಳೆಯಿತು. ಅದು ಮೃದ್ವಸ್ಥಿಯದಲ್ಲ, ಅದರ ನೆಂಟನಾದ ಎಲುಬಿನದು.

ಸೈಬೀರಿಯದ ಕುರ್ಗಾನ್ ಪಟ್ಟಣದ ವೈದ್ಯ ಗವ್ರಿಯಿಲ್ ಇಲಿಜರೋವ್ (1921-1992) ಎಲುಬನ್ನು ಕತ್ತರಿಸಿ, ಉಕ್ಕಿನ ಬಳೆಗಳ ಚೌಕಟ್ಟು ತೊಡಿಸಿ, ಎರಡು ತುಂಡುಗಳನ್ನು ದಿನಕ್ಕೆ ಒಂದು ಮಿಲಿಮೀಟರಿನಂತೆ ಮೆಲ್ಲಗೆ ದೂರ ಸರಿಸಿದರೆ ನಡುವೆ ಹೊಸ ಎಲುಬು ಹುಟ್ಟುತ್ತದೆ ಎಂದು ತೋರಿಸಿದರು. ಆ ಒಂದು ಮಿಲಿಮೀಟರನ್ನೂ ನಾಲ್ಕು ಪಾಲು ಮಾಡಿ ಸರಿಸಬೇಕು. ಅವಸರ ಮಾಡಿದರೆ ಎಲುಬು ಹುಟ್ಟದು, ಬಹಳ ನಿಧಾನ ಮಾಡಿದರೆ ಬೇಗನೆ ಕೂಡಿಕೊಳ್ಳುತ್ತದೆ. ಇಲ್ಲಿಯೂ ಹದವೇ ಮುಖ್ಯ. ಈ ಪದ್ಧತಿಯನ್ನು ಭಾರತದಲ್ಲಿ ಬಳಕೆಗೆ ತಂದ ಹಿರಿಯರಲ್ಲಿ ಮಿರಜದ ಸ್ವಸ್ಥಿಯೋಗ ಪ್ರತಿಷ್ಠಾನದ ಡಾ. ಜಿ. ಎಸ್. ಕುಲಕರ್ಣಿಯವರು ಒಬ್ಬರು. ಎಲುಬುಶಾಸ್ತ್ರದ ಬಗ್ಗೆ ಅವರು ಸಂಪಾದಿಸಿದ ಬೃಹದ್ಗ್ರಂಥವನ್ನು ದೇಶದ ವೈದ್ಯ ವಿದ್ಯಾರ್ಥಿಗಳು ಅಭ್ಯಾಸ ಮಾಡುತ್ತಾರೆ.

ಹೊರೆ ಹೊರುವವರ ಮಾತು

ಹದವಾದ ಭಾರ ಹಿತವೆಂದು ಹೇಳಿದೆವು. ಆದರೆ ತಮ್ಮ ಭಾರವನ್ನು ತಾವೇ ಆರಿಸಿಕೊಳ್ಳಲಾಗದ ಜನರೂ ನಮ್ಮಲ್ಲಿದ್ದಾರೆ. ಸಾಂಗಲಿಯ ಅರಿಶಿನ ಪೇಟೆಯಲ್ಲಿ ಚೀಲ ಹೊರುವ ಹಮಾಲರು, ಕಬ್ಬಿನ ಹೊರೆಯನ್ನು ತಲೆಯ ಮೇಲೆ ಹೊತ್ತು ಗಾಡಿಗೆ ಏರಿಸುವ ಗಂಡಸರು ಹೆಂಗಸರು, ದಿನವಿಡೀ ಕುಕ್ಕರುಗಾಲಿನಲ್ಲಿ ಕೂತು ಕಳೆ ತೆಗೆಯುವ ತಾಯಂದಿರು. ಇವರಲ್ಲಿ ಹಲವರು ನಿಮ್ಮ ತಂದೆತಾಯಿಗಳೇ. 60 ಕಿಲೋ ತೂಕದವನು 50 ಕಿಲೋ ಚೀಲ ಹೊತ್ತು ನಡೆದರೆ, ಮೇಲಿನ ಲೆಕ್ಕದಂತೆ ಅವನ ಮೊಣಕಾಲಿನ ಮೇಲೆ ಪ್ರತಿ ಹೆಜ್ಜೆಗೂ ಬೀಳುವ ಭಾರ 280 ಕಿಲೋ ಮೀರುತ್ತದೆ. ಚೀಲ 100 ಕಿಲೋದ್ದಾದರೆ 400 ಕಿಲೋ ಮೀರುತ್ತದೆ.

1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಬೆಳೆದ ಗಂಡಸು ಹೊರುವ ಭಾರ 55 ಕಿಲೋ ಮೀರಬಾರದೆಂದು ಶಿಫಾರಸು ಮಾಡಿತು. 1969ರಲ್ಲಿ ಮಹಾರಾಷ್ಟ್ರವು ಮಾಥಾಡಿ ಮತ್ತು ಹಮಾಲ ಕಾರ್ಮಿಕರಿಗಾಗಿಯೇ ಕಾಯಿದೆ ಮಾಡಿತು. ಚೀಲದ ತೂಕ ಇಳಿಸಿರಿ ಎಂದು ಹಮಾಲರು ಕೇಳಿದಾಗ ಅದು ಸೋಮಾರಿತನದ ಮಾತಲ್ಲ. ಒಮ್ಮೆ ಹರಿದರೆ ಮತ್ತೆ ನೇಯಲಾಗದ ಬಲೆಯ ಮಾತು.

ಪಾಲಕರಿಗೂ ಮಕ್ಕಳಿಗೂ ಕೆಲವು ಸೂಚನೆಗಳು

1. ಮಕ್ಕಳನ್ನು, ಹುಡುಗಿಯರನ್ನೂ ಕೂಡ, ಆಟದಿಂದ ದೂರವಿಡಬೇಡಿರಿ. ಬೆಳೆಯುವ ಎಲುಬು-ಕೀಲುಗಳಿಗೆ ಓಟ, ಆಟ ಬೇಕು. ಹತ್ತರಿಂದ ಹದಿನೈದು ವರ್ಷದ ಆಟಗಾರರಿಗೆ ಮೊಣಕಾಲ ಚಿಪ್ಪಿನ ಕೆಳಗೆ ನೋಯುವ ಗಂಟು ಕಾಣಿಸಿದರೆ, ಅದು ಬೆಳವಣಿಗೆಯ ಮೃದ್ವಸ್ಥಿ ಹೆಚ್ಚು ಎಳೆತಕ್ಕೆ ಸಿಕ್ಕುದರ ಗುರುತಾಗಿರಬಹುದು. ವೈದ್ಯರಿಗೆ ತೋರಿಸಿ, ಆಟವನ್ನು ಕೆಲಕಾಲ ಕಡಿಮೆ ಮಾಡಿದರೆ ಸಾಮಾನ್ಯವಾಗಿ ವಾಸಿಯಾಗುತ್ತದೆ.

2. ಕಬಡ್ಡಿಯಲ್ಲಿಯೋ ಕುಸ್ತಿಯಲ್ಲಿಯೋ ಮೊಣಕಾಲು ತಿರುಚಿ ಕೂಡಲೇ ಊದಿಕೊಂಡರೆ ಎಳೆಸಿ, ತಿಕ್ಕಿಸಿ, ಮರುದಿನ ಮತ್ತೆ ಆಡಬೇಡಿರಿ. ಒಳಗಿನ ಬಂಧನ ಹರಿದಿರಬಹುದು. ಅಂಥ ಪೆಟ್ಟು ತಿಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹತ್ತಿಪ್ಪತ್ತು ವರ್ಷಗಳಲ್ಲಿ ಸಂಧಿವಾತ ಬರುತ್ತದೆ. ಮೃದ್ವಸ್ಥಿಯಲ್ಲಿ ನರಗಳಿಲ್ಲ, ಅದು ಹಾಳಾಗುವುದು ಮೊದಲಿಗೆ ನಮಗೆ ಗೊತ್ತೇ ಆಗುವುದಿಲ್ಲ.

3. ಪ್ಲಾಸ್ಟರ್ ತೆಗೆದ ಮೇಲೆ ವೈದ್ಯರು ಹೇಳಿದ ವ್ಯಾಯಾಮವನ್ನು ಬಿಡಬೇಡಿರಿ. ಭಾರವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿರಿ.

4. ಮೊಣಕಾಲು ನೋವಿನ ಹಿರಿಯರನ್ನು ಮೂಲೆಯಲ್ಲಿ ಕೂರಿಸಬೇಡಿರಿ. ಸಮನೆಲದ ಮೇಲೆ ತಾಳುವಷ್ಟು ನಡಿಗೆ, ತೊಡೆಯ ಸ್ನಾಯುಗಳನ್ನು ಬಲಗೊಳಿಸುವ ವ್ಯಾಯಾಮ, ತೂಕ ಹೆಚ್ಚಿದ್ದರೆ ಇಳಿಸುವುದು, ಇವು ವೈದ್ಯರು ಮೊದಲು ಹೇಳುವ ಉಪಾಯಗಳು. ಕೀಲು ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹೆಸರಿಲ್ಲದ ಪುಡಿ, ಮಾತ್ರೆಗಳನ್ನು ನಂಬಬಾರದು.

ಮಾಡಿ ನೋಡಿರಿ

ಪ್ರಯೋಗ 1: ಬೆಳಿಗ್ಗೆ ಎದ್ದ ಕೂಡಲೇ ಗೋಡೆಗೆ ಒರಗಿ ನಿಂತು ನಿಮ್ಮ ಎತ್ತರವನ್ನು ಗುರುತು ಮಾಡಿಸಿರಿ. ರಾತ್ರಿ ಮಲಗುವ ಮೊದಲು ಮತ್ತೆ ಅಳೆಯಿರಿ. ಸುಮಾರು ಒಂದು ಸೆಂಟಿಮೀಟರಿನಷ್ಟು ವ್ಯತ್ಯಾಸ ಕಾಣಬಹುದು. ದಿನವಿಡೀ ಭಾರ ಹೊತ್ತ ಬೆನ್ನಿನ ಬಿಲ್ಲೆಗಳಿಂದ ನೀರು ಜಿನುಗಿ, ರಾತ್ರಿ ಮತ್ತೆ ತುಂಬುವುದರಿಂದ ಹೀಗಾಗುತ್ತದೆ.

ಪ್ರಯೋಗ 2: ನೀರಿನಲ್ಲಿ ನೆನೆಸಿದ ಎರಡು ಸ್ಪಂಜುಗಳನ್ನು ನೀಲಿ ಮಸಿ ಬೆರೆಸಿದ ನೀರಿನ ಎರಡು ತಟ್ಟೆಗಳಲ್ಲಿಡಿರಿ. ಒಂದರ ಮೇಲೆ ಕಲ್ಲು ಹೇರಿ ಬಿಡಿರಿ. ಇನ್ನೊಂದನ್ನು ಇಪ್ಪತ್ತು ಬಾರಿ ಒತ್ತಿ ಬಿಡಿರಿ. ಅನಂತರ ಎರಡನ್ನೂ ನಡುವೆ ಕತ್ತರಿಸಿ, ಬಣ್ಣ ಯಾವುದರ ಒಡಲಿಗೆ ಇಳಿದಿದೆ ನೋಡಿರಿ.

ಪ್ರಶ್ನೆಗಳು

1. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲದಿದ್ದರೂ ಕೋಶಗಳು ಹೇಗೆ ಬದುಕುತ್ತವೆ?
2. ಒಂದೇ ಸಮನೆ ಒತ್ತುವುದಕ್ಕೂ ಒತ್ತಿ ಬಿಡುವುದಕ್ಕೂ ಕೋಶಗಳು ಬೇರೆಬೇರೆಯಾಗಿ ಹೇಗೆ ವರ್ತಿಸುತ್ತವೆ?
3. ನಿಮ್ಮ ತೂಕವೆಷ್ಟು? ಮೆಟ್ಟಿಲು ಇಳಿಯುವಾಗ ನಿಮ್ಮ ಮೊಣಕಾಲಿನ ಮೇಲೆ ಬೀಳುವ ಭಾರವನ್ನು ಲೆಕ್ಕ ಹಾಕಿರಿ.
4. "ಮೊಣಕಾಲು ಸವೆದಿದೆ, ನಡೆಯಬೇಡ" ಎಂದು ಹೇಳುವವರಿಗೆ ನೀವು ಏನು ಉತ್ತರ ಕೊಡುವಿರಿ? ಹತ್ತು ಸಾಲು ಬರೆದು ಮನೆಯಲ್ಲಿ ಓದಿ ಹೇಳಿರಿ.